ಕಣಕ ಯಾವುದರದು?

ನನ್ನ ಎದೆಯಲ್ಲಿ ಎದ್ದ ಗಡ್ಡೆಯ ಸುದ್ದಿ ಮನೆಯ ಗಂಡಸರಿಗೆ ಗೊತ್ತಾಯಿತು, ಓಣಿಗೆ ಗೊತ್ತಾಯಿತು, ಪಂಚಮಿಗೆ ಬಂದ ಬೀಗರಿಗೂ ಗೊತ್ತಾಯಿತು. ಇಷ್ಟು ಜನರಿಗೆ ಹಂಚಿ ಏನಾದರೂ ಉಳಿದಿದ್ದರೆ ಅದನ್ನು ನನಗೆ ಹೇಳುತ್ತಿದ್ದರು. ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ತಣ್ಣಗಾದ ಮೇಲೆ ಬರೆಯಬೇಕು ಅನ್ನುವವರು ಬೇಕಾದರೆ ಕಾಯಲಿ, ನನಗೆ ಅಷ್ಟು ಪುರಸೊತ್ತಿಲ್ಲ.

ನಾನು ಕಸ್ತೂರೆವ್ವ, ಮೊರಬದವಳು. ಏಳನೇ ಇಯತ್ತೆ ಪಾಸಾಗಿದ್ದೇನೆ. ಗಂಡ ಈರಪ್ಪ ಒಳ್ಳೆಯವನು. ಒಳ್ಳೆಯವನು ಅನ್ನುವುದನ್ನು ಬಿಟ್ಟರೆ ಅವನ ಬಗ್ಗೆ ಹೇಳುವುದಕ್ಕೆ ಹೆಚ್ಚಿಗೆ ಏನೂ ಇಲ್ಲ. ಮನೆಯ ಯಜಮಾನಿಕೆ ಅವನ ಅಣ್ಣ ಶಂಭುಲಿಂಗಪ್ಪನವರದು, ನನಗೆ ಭಾವ. ಯಾವ ಹೊಲಕ್ಕೆ ಕಡಲೆ, ಯಾವ ಹೊಲಕ್ಕೆ ಹತ್ತಿ, ಯಾರ ಮದುವೆಗೆ ಯಾರು ಹೋಗಬೇಕು, ಎಲ್ಲ ಅವರ ಬಾಯಿಂದಲೇ ಬರಬೇಕು. ನಮ್ಮ ಮನೆಯಲ್ಲಿ ಲಿಂಗಪೂಜೆ ಮುಗಿಯದೆ ಯಾರ ಬಾಯಿಗೂ ಒಂದು ಗುಟುಕು ಚಹಾ ಹೋಗುವುದಿಲ್ಲ. ಜ್ವರ ಬಂದು ಮಲಗಿದವರು ಕೂಡ ಗುಳಿಗೆಯನ್ನು ಅಂಗೈಯ ಲಿಂಗಕ್ಕೆ ತೋರಿಸಿಯೇ ನುಂಗಬೇಕು.

ಎಂಬತ್ತೇಳರ ಮುಂಗಾರಿನಲ್ಲಿ ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ನನ್ನ ಎಡ ಎದೆಯನ್ನು ಕೊಯ್ದು ತೆಗೆದರು. ದವಾಖಾನೆಯ ಹೆಸರು ಬರೆಯುವುದಿಲ್ಲ, ಇನ್ನೂ ಅಲ್ಲಿಗೇ ಹೋಗಬೇಕಾಗಿದೆ. ಪೀಡೆ ತೊಲಗಿತು ಅಂದುಕೊಂಡೆವು. ಮಹಾನವಮಿಯ ಹೊತ್ತಿಗೆ ಕೊಯ್ದ ಗೆರೆಯ ಅಂಚಿನಲ್ಲೇ ಗಂಟು ಮತ್ತೆ ಎದ್ದಿತು, ಒಡೆದು ಹುಣ್ಣಾಯಿತು. ಆ ಹುಣ್ಣಿನ ವಾಸನೆ ಎಂಥದು ಅಂದರೆ, ನಾನು ಅಡುಗೆಮನೆಗೆ ಹೋದರೆ ಉಳಿದ ಹೆಂಗಸರಿಗೆ ಹಿತ್ತಲಿನಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ, ನನಗೇ ನನ್ನ ಹತ್ತಿರ ಕೂರಲು ಆಗುತ್ತಿರಲಿಲ್ಲ.

ಗಡ್ಡೆಯನ್ನು ಸುಡುವ ಕೆಂಪು ಔಷಧಿಯೊಂದಿದೆ, ಸಲೈನಿನಂತೆ ನರಕ್ಕೆ ಹಾಕುತ್ತಾರೆ. ಆದರೆ ಅದು ಗಡ್ಡೆಯ ಜೊತೆಗೆ ಹೃದಯವನ್ನೂ ಸುಡುತ್ತದೆ. ಚಿಕ್ಕವಳಿದ್ದಾಗ ಕೀಲುಗಳು ಬಾತು ಜ್ವರ ಬಂದು ನನ್ನ ಹೃದಯ ಆಗಲೇ ಅರ್ಧ ಸೋತಿತ್ತು. ಇವರಿಗೆ ಆ ಔಷಧಿ ಕೊಟ್ಟರೆ ಗಡ್ಡೆಗಿಂತ ಮೊದಲು ಇವರೇ ಹೋಗುತ್ತಾರೆ ಅಂದರು. ಹಾಗಾದರೆ ಏನು ಮಾಡಬೇಕು ಅಂದರೆ ಡಾಕ್ಟರುಗಳೆಲ್ಲ ಕಿಟಕಿಯ ಕಡೆ ನೋಡಿದರು.

ಕಿಟಕಿಯ ಕಡೆ ನೋಡದೆ ಇದ್ದವರು ಅಂದಾನೆಪ್ಪ ಡಾಕ್ಟರೊಬ್ಬರೇ. ಅಣ್ಣಿಗೇರಿಯವರು, ನಮ್ಮವರೇ, ಕೊರಳಲ್ಲಿ ಲಿಂಗವಿದ್ದವರು. ಮುಂಬಯಿಯಲ್ಲಿ ಕಲಿತು ಬಂದಿದ್ದರು. ಅಲ್ಲಿನ ಪ್ರಯೋಗಶಾಲೆಯವರು ಹೊಸ ಔಷಧಿಯೊಂದನ್ನು ಮಾಡಿದ್ದಾರೆ, ಪರೀಕ್ಷೆಗೆಂದು ನಾಲ್ಕಾರು ಜನರಿಗೆ ಕೊಡುತ್ತಿದ್ದಾರೆ, ನಿಮಗೆ ಆಗಿ ಬರುತ್ತದೆ ಅಂದರು. ಅದನ್ನು ತಿಳಿಸಿ ಹೇಳುವಾಗ ಅವರ ಮುಖ ಅರಳಿತ್ತು.

“ಔಷಧ ಅದೇ ಕೆಂಪೌಷಧಾನ್ರಿ ಅವ್ವಾರ. ಆದ್ರ ಕಣ್ಣಿಗೆ ಕಾಣಲಾರದಷ್ಟು ಸಣ್ಣ ಕೊಬ್ಬಿನ ಗುಳ್ಳಿ ಮಾಡಿ ಅದರೊಳಗ ತುಂಬಿರ್ತಾರ. ಒಳ್ಳೆ ನರದ ಗ್ವಾಡಿ ಬಿಗಿ ಇರ್ತೈತಿ, ಗುಳ್ಳಿ ಹೊರಗ ಬರಂಗಿಲ್ಲ, ನಿಮ್ಮ ಹೃದಯ ಉಳೀತೈತಿ. ಗಡ್ಡಿ ಗಡಿಬಿಡಿಲೆ ಬೆಳದಿರ್ತೈತಿ ನೋಡ್ರಿ, ಅದರ ನರದ ತುಂಬ ಸಂದಿ. ಗುಳ್ಳಿ ಆ ಸಂದಿಲೆ ಸೋರಿ ಗಡ್ಡಿಯೊಳಗ ಹೋಗಿ ಕುಂಡ್ರತಾವು. ಅಲ್ಲೇ ಒಡೀತಾವು.”

ಮೊದಲನೆಯ ಬಾಟಲಿಯನ್ನು ಹಾಕಿಸಿಕೊಂಡೆ. ಗುಲಾಬಿ ಬಣ್ಣದ ಹಾಲಿನಂತಿತ್ತು. ಮುಂಬಯಿಯಿಂದ ಐಸಿನ ಡಬ್ಬಿಯಲ್ಲಿ ರೈಲಿಗೆ ಬರುತ್ತದೆ, ಬಂದ ದಿನವೇ ಹಾಕಬೇಕು, ಮರುದಿನಕ್ಕೆ ಇಟ್ಟರೆ ಕೆಡುತ್ತದೆ. ಮನೆಗೆ ಬಂದು ಮಲಗಿದೆ, ವಾಂತಿ ಮಾಡಿಕೊಂಡೆ, ಎದ್ದೆ. ವಾರ ಕಳೆಯುವುದರೊಳಗೆ ಹುಣ್ಣಿನ ಬಾಯಿ ಒಣಗತೊಡಗಿತು. ವಾಸನೆ ಇಳಿಯಿತು. ಒಂದು ದಿನ ಈರಪ್ಪ ತಾನಾಗಿಯೇ ನನ್ನ ಬಾಜು ಕೂತು ರೊಟ್ಟಿ ತಿಂದ. ನಾನು ಆ ಕಡೆ ಮುಖ ಮಾಡಿ ಅತ್ತೆ. ಬದುಕುತ್ತೇನೆ ಅನ್ನುವ ಆಸೆ ಆವತ್ತು ಮೊದಲ ಸಲ ಹುಟ್ಟಿತು.

ಅದೇ ಹುರುಪಿನಲ್ಲಿ ಎರಡನೆಯ ಬಾಟಲಿಗೆಂದು ಭಾವನ ಜೊತೆ ಹುಬ್ಬಳ್ಳಿಗೆ ಹೋದೆ. ದವಾಖಾನೆಯ ಬೆಂಚಿನ ಮೇಲೆ ಶಲವಡಿಯ ರಾಮವ್ವ ಅನ್ನುವ ಕೂಲಿಯವಳು ಸಿಕ್ಕಳು. ಅವಳಿಗೂ ನನ್ನದೇ ಜಡ್ಡು. ಹೆಸರು ಹಚ್ಚಿಸಿದ್ದಳು, ಔಷಧಿ ಸಿಕ್ಕಿರಲಿಲ್ಲ. ಇಬ್ಬರೂ ಮಾತಾಡುತ್ತ ಕೂತೆವು. ಅಷ್ಟರಲ್ಲಿ ಡಾಕ್ಟರು ಒಳಗೆ ಕರೆದರು. ಹುಣ್ಣು ನೋಡಿ ಸಂತೋಷಪಟ್ಟರು. ನನಗೂ ಮಾತು ಬಂತು.

“ನಿಮ್ಮ ಔಷಧಿ ಅಂದ್ರ ನಮ್ಮ ಕಡಬು ಇದ್ದಂಗ ಐತಲ್ರಿ,” ಅಂದೆ. “ಹೂರಣ ಒಳಗ, ಕಣಕ ಹೊರಗ.”

“ಅಗದಿ ಬರೋಬ್ಬರಿ,” ಅಂದು ನಕ್ಕರು.

“ಹೂರಣ ಕೆಂಪೌಷಧ ಆತು. ಕಣಕ ಯಾವುದರದ್ರಿ?”

ಅಡುಗೆ ಮಾಡುವ ಯಾವ ಹೆಂಗಸಾದರೂ ಕೇಳುವ ಪ್ರಶ್ನೆ. ಡಾಕ್ಟರ ನಗು ನಿಂತಿತು. ನನ್ನ ಕೊರಳಿನ ಶಿವದಾರವನ್ನು ನೋಡಿದರು, ಬಾಗಿಲಲ್ಲಿ ನಿಂತಿದ್ದ ಭಾವನ ಹಣೆಯ ವಿಭೂತಿಯನ್ನು ನೋಡಿದರು. “ಯಜಮಾನ್ರ, ಒಂದ್ ನಿಮಿಷ ಹೊರಗ ಬರ್ರಿ,” ಅಂದು ಭಾವನನ್ನು ಕರೆದುಕೊಂಡು ಹೋದರು. ಪ್ರಶ್ನೆ ಕೇಳಿದವಳು ನಾನು, ಉತ್ತರ ಹೋದದ್ದು ಭಾವನಿಗೆ. ನಾನು ಒಳಗೆ ಸ್ಟೂಲಿನ ಮೇಲೆ ರವಿಕೆಯ ಗುಂಡಿ ಹಾಕಿಕೊಳ್ಳುತ್ತ ಕೂತಿದ್ದೆ.

ಸ್ವಲ್ಪ ಹೊತ್ತಿನಲ್ಲಿ ಭಾವ ಒಬ್ಬರೇ ಬಂದರು. “ಏಳವಾ, ಹೋಗೂಣು. ಔಷಧ ಬಂದಿಲ್ಲಂತ,” ಅಂದರು.

ಬಂದಿಲ್ಲ ಅಂದರೆ ಬಂದಿಲ್ಲ ಅಂದುಕೊಂಡೆ. ರೈಲು ತಪ್ಪಿರಬಹುದು, ಐಸು ಕರಗಿರಬಹುದು. ಮುಂದಿನ ತಿಂಗಳು ಭಾವ ತಾವೊಬ್ಬರೇ ಹುಬ್ಬಳ್ಳಿಗೆ ಹೋಗಿ ಬಂದರು. ಆಗಲೂ ಬಂದಿಲ್ಲ ಅಂದರು. ಮಠಕ್ಕೆ ಹೋಗಿ ವಿಭೂತಿ ತಂದು ಕೊಟ್ಟರು, ಹಚ್ಚಿಕೊಂಡೆ. ಹುಣ್ಣಿನ ಬಾಯಿ ಮತ್ತೆ ಬಿಟ್ಟಿತು. ಹಳೆಯ ಧೋತರ ಹರಿದು ಮಡಿಕೆ ಮಾಡಿ ಎದೆಗೆ ಕಟ್ಟಿಕೊಂಡು ತಿರುಗುತ್ತಿದ್ದೆ. ರಾತ್ರಿ ಮಲಗಿದರೆ ಕೆಮ್ಮು ಶುರುವಾಗುತ್ತಿತ್ತು. ಈರಪ್ಪ ತನ್ನ ಹಾಸಿಗೆಯನ್ನು ಪಡಸಾಲೆಗೆ ಒಯ್ದ.

ಕಡಲೆ ಕೀಳುವ ಕಾಲಕ್ಕೆ ಶಲವಡಿಯ ಕಡೆಯಿಂದ ಆಳುಗಳು ಟ್ರ್ಯಾಕ್ಟರಿನಲ್ಲಿ ಬಂದರು. ಅವರ ಜೊತೆ ರಾಮವ್ವ ಬಂದಿದ್ದಳು. ಜಡ್ಡು ಬಿದ್ದವಳು ಕೆಲಸಕ್ಕೆ ಹೇಗೆ ಬಂದಳು ಅಂತ ನನಗೆ ಅಚ್ಚರಿ. ಮಧ್ಯಾಹ್ನ ಬಿಡುವಿನಲ್ಲಿ ನಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಒಳಗೆ ಬಾ ಅಂತ ನಾನು ಕರೆಯಲಿಲ್ಲ, ಅವಳೂ ಬರಲಿಲ್ಲ. ನಮ್ಮ ಮನೆಯಲ್ಲಿ ಅವರ ಕೇರಿಯವರು ನಿಲ್ಲುವ ಜಾಗ ಅದು.

“ಅಕ್ಕಾರ, ನಿಮ್ಮನ್ನ ನೋಡಬೇಕಂತ ಬಂದ್ನಿರಿ. ನನ್ನ ಮ್ಯಾಲೆ ಸಿಟ್ಟಿಲ್ಲಲ್ರಿ?”

“ಯಾಕ ಬೇ? ಏನ್ ಮಾಡಿದಿ?”

“ನಿಮ್ಮ ಪಾಲಿನ ಔಷಧ ನನಗ ಹಾಕ್ಯಾರಲ್ರಿ. ಆವತ್ತು ನೀವು ಎದ್ದು ಹೋದ ಮ್ಯಾಲೆ ಡಾಕ್ಟರು ನನ್ನ ಕರದ್ರು. ಇದು ಕೆಡತೈತಿ, ಬಾ ಅಂದ್ರು. ಆಮ್ಯಾಲೆ ಇನ್ನೊಂದು ಹಾಕಿದ್ರು. ಈಗ ಆರಾಮ ಆಗೇತ್ರಿ. ನೀವು ಒಲ್ಲೆ ಅಂದ್ರಂತ, ಅದರಾಗ ತತ್ತಿ ಐತಂತ.”

“ನಾ ಒಲ್ಲೆ ಅಂದ್ನೇನು?”

“ನಿಮ್ಮ ಮನಿ ಹಿರ್ಯಾರು ಹೇಳಿದ್ರಂತ್ರಿ. ಲಿಂಗ ಕಟ್ಟಿದ ಮೈ, ತತ್ತಿ ಮುಟ್ಟಂಗಿಲ್ಲ, ಅಕೀ ಒಲ್ಲೆ ಅಂತಾಳ ಅಂತ.” ಆಮೇಲೆ ಅವಳೇ ಅಂದಳು, “ನಮ್ಮನ್ನ ಯಾರೂ ಏನೂ ಕೇಳಲಿಲ್ರಿ. ನಾವು ತಿನ್ನೂ ಮಂದಿ, ಏನ್ ಹಾಕಿದ್ರೂ ನಡೀತೈತಿ ಅಂದಿರಬೇಕು.”

ಅವಳು ಹೋದ ಮೇಲೆ ನಾನು ಹಿತ್ತಲಿನಲ್ಲೇ ನಿಂತಿದ್ದೆ. ಕೊಬ್ಬು ತತ್ತಿಯದು, ಕೋಳಿಮೊಟ್ಟೆಯದು. ತತ್ತಿಯ ಹಳದಿಯಿಂದ ಗುಳ್ಳೆ ಮಾಡುತ್ತಾರೆ ಅಂತ ಆಮೇಲೆ ಡಾಕ್ಟರು ನನಗೆ ಹೇಳಿದರು, ಹೇಳುವ ಕಾಲ ಮುಗಿದ ಮೇಲೆ. ನಾನು ಬದುಕುತ್ತಿದ್ದೆ. ಬದುಕುವುದು ಶುರುವಾಗಿತ್ತು. ಒಬ್ಬರು ಹೇಳಲಿಲ್ಲ, ಇನ್ನೊಬ್ಬರು ಸುಳ್ಳು ಹೇಳಿದರು, ಅಷ್ಟಕ್ಕೇ ಅದು ನಿಂತುಹೋಯಿತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಇಲ್ಲಿ ಬೆಕ್ಕುಗಳು ಆಟವನ್ನೂ ಆಡಲಿಲ್ಲ, ಬಹಳ ಭಕ್ತಿಯಿಂದಲೇ ಮಾಡಿದವು.

ಭಾವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಅಡಿಕೆ ಕತ್ತರಿಸುತ್ತಿದ್ದರು. ಆ ಮನೆಗೆ ಬಂದು ಇಪ್ಪತ್ತಾರು ವರ್ಷವಾದರೂ ಅವರ ಎದುರಿಗೆ ನಾನು ಬಾಗಿಲ ಮರೆಯಿಂದಲ್ಲದೆ ಮಾತಾಡಿದವಳಲ್ಲ. ಆವತ್ತು ಪಡಸಾಲೆಯ ನಡುವೆ ಹೋಗಿ ನಿಂತೆ. ತಲೆಯ ಮೇಲಿನ ಸೆರಗು ಜಾರಿತು, ಎಳೆದುಕೊಳ್ಳಲಿಲ್ಲ.

“ಔಷಧ ಬಂದಿತ್ತಂತಲ್ರಿ?”

ಅಡಕತ್ತರಿ ನಿಂತಿತು. “ಯಾರ್ ಹೇಳಿದ್ರು?”

“ಯಾರರ ಹೇಳ್ಯಾರ. ಬಂದಿತ್ತೋ ಇಲ್ಲೋ?”

“ಬಂದಿತ್ತು,” ಅಂದರು. ಸಿಕ್ಕಿಬಿದ್ದ ಮೇಲೂ ಸುಳ್ಳು ಹೇಳುವ ಮನುಷ್ಯ ಅಲ್ಲ ಅವರು. “ಅದರಾಗ ತತ್ತಿ ಐತಿ.”

“ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಹೂಂ ಅಂತಿದ್ದಿ. ಜೀವದ ಆಸೆ ಅಂಥಾದ್ದವಾ.” ಅಡಕತ್ತರಿಯನ್ನು ಕೆಳಗಿಟ್ಟರು. “ಸಾವು ಯಾರಿಗೆ ತಪ್ಪೇತಿ? ಆದ್ರ ಅಂಗೈಯಾಗ ಲಿಂಗ ಇಟ್ಟು ಸಮಾಧಿಯೊಳಗ ಕೂಡಸಬೇಕಾದ ಮೈ ಇದು. ತತ್ತಿ ಹೊಕ್ಕ ಮೈ ಅಂದ್ರ ಮಣ್ಣು ಮಾಡೂ ಮುಂದ ಅಯ್ಯಾವ್ರು ತಲಿ ಮ್ಯಾಲೆ ಪಾದ ಇಡ್ತಾರೇನು? ನಿನ್ನ ಒಳ್ಳೇದಕ್ಕs ಮಾಡೇನಿ.”

ಅವರ ಕಣ್ಣಲ್ಲಿ ನೀರಿತ್ತು, ನಿಜವಾದ ನೀರು. ಅದನ್ನು ನೋಡಿಯೇ ನನಗೆ ಮೈಯೆಲ್ಲ ಉರಿ ಎದ್ದಿತು. ಕೂಸು ಹುಟ್ಟುವ ಮೊದಲೇ ಕುಲಾಯಿ ಹೊಲಿಸುವವರನ್ನು ಕಂಡಿದ್ದೆ. ಜೀವ ಹೋಗುವ ಮೊದಲೇ ಗುಣಿ ತೋಡಿ, ನನ್ನನ್ನು ಅದರಲ್ಲಿ ಕೂಡಿಸಿ, ಮಣ್ಣು ಎಳೆದು, ಕೈ ತೊಳೆದುಕೊಂಡು ಅಳುತ್ತ ಕೂತವರನ್ನು ಆವತ್ತು ಕಂಡೆ. ನಾನು ಇನ್ನೂ ಎದುರಿಗೇ ನಿಂತಿದ್ದೆ.

“ಈ ಲಿಂಗ ಎಲ್ಲೆ ಇರ್ತೈತಿ ಗೊತ್ತೈತೇನ್ರಿ ನಿಮಗ?” ಅಂದೆ. ಸೆರಗಿನೊಳಗಿಂದ ಲಿಂಗದ ಕರಡಿಗೆಯನ್ನು ಎಳೆದು ತೋರಿಸಿದೆ. “ಹುಣ್ಣಿನ ಮ್ಯಾಲೆ. ಹಗಲೂ ರಾತ್ರಿ ಹುಣ್ಣಿನ ಮ್ಯಾಲೆ. ಕೀವು ಹತ್ತಿದ ಶಿವದಾರ ದಿನಾ ತೊಳೀತೇನಿ. ಈ ದೇವರಿಗೆ ಹೇಸಿಗಿ ಆಗಿಲ್ಲ, ನನ್ನ ಬಿಟ್ಟು ಪಡಸಾಲಿಗೆ ಹೋಗಿ ಮಲಗಿಲ್ಲ. ಹೇಸಿಗಿ ಆಗಿದ್ದು ನಿಮಗ. ದೇವರು ಕೊಟ್ರೂ ಪೂಜಾರಿ ಕೊಡ ಅಂತಾರ, ನಿಮ್ಮನ್ನ ನೋಡೇ ಹೇಳ್ಯಾರ.”

“ಈರಪ್ಪಾ! ನಿನ್ನ ಹೇಂತಿಗೆ ಬಾಯಿ ಬಹಳ ಆತು ನೋಡು.”

ಈರಪ್ಪ ಅಂಗಳದಿಂದ ಬಂದು ಮೆಟ್ಟಿಲ ಮೇಲೆ ನಿಂತಿದ್ದ, ಕೈಯಲ್ಲಿ ಎತ್ತಿನ ಹಗ್ಗ. “ನಿಮಗೂ ಗೊತ್ತಿತ್ತೇನು?” ಅಂತ ಕೇಳಿದೆ. ಅವನು ಹಗ್ಗವನ್ನು ನೋಡಿದ. “ಅಣ್ಣ ಹೇಳಿದ್ನಲ್ಲ...” ಅಂದ. ಅಷ್ಟು ವರ್ಷ ಅವನ ಜೊತೆ ಸಂಸಾರ ಮಾಡಿದ್ದಕ್ಕೆ ನನಗೆ ಸಿಕ್ಕ ಮಾತು ಅದು.

ರಾಮವ್ವನಿಗೆ ಮುಂದಿನ ಬಾಟಲಿ ಹಾಕುವ ದಿನ ಯಾವುದು ಅಂತ ಅವಳನ್ನೇ ಕೇಳಿ ತಿಳಿದುಕೊಂಡೆ. ಆ ದಿನ ಬೆಳಿಗ್ಗೆ ಯಾರನ್ನೂ ಕೇಳದೆ ಚೀಲ ಹಿಡಿದು ಬಸ್ ನಿಲ್ದಾಣಕ್ಕೆ ನಡೆದೆ. ಓಣಿಯ ಕಟ್ಟೆಗಳೆಲ್ಲ ನೋಡಿದವು. ಶಲವಡಿಯಿಂದ ಬಂದ ಬಸ್ಸಿನಲ್ಲಿ ರಾಮವ್ವ ಇದ್ದಳು, ಅವಳ ಬಾಜೂಕೇ ಕೂತೆ. ನೋಡುತ್ತೇನೆ, ಹಿಂದಿನ ಸೀಟಿನಲ್ಲಿ ಈರಪ್ಪ. ಓಡಿ ಬಂದು ಹತ್ತಿದ್ದನೆಂದು ಕಾಣುತ್ತದೆ, ಏದುಸಿರು ಬಿಡುತ್ತಿದ್ದ. ಬಾ ಅನ್ನಲಿಲ್ಲ, ಇಳಿ ಅನ್ನಲೂ ಇಲ್ಲ.

ದವಾಖಾನೆಯಲ್ಲಿ ಹೊಸದಾಗಿ ಎಕ್ಸರೇ ತೆಗೆದರು. ಅಂದಾನೆಪ್ಪ ಡಾಕ್ಟರು ಅದನ್ನು ಹಿಡಿದುಕೊಂಡು ಹೊರಗೆ ಬಂದರು. ಬೆಂಚಿನ ಮೇಲೆ ನಾವು ಮೂವರಿದ್ದೆವು. ಅವರು ನನ್ನನ್ನು ದಾಟಿ ಈರಪ್ಪನನ್ನು ನೋಡಿದರು. “ಯಜಮಾನ್ರ, ಒಂದ್ ನಿಮಿಷ ಒಳಗ ಬರ್ರಿ.”

ಈರಪ್ಪ ಏಳುವುದಕ್ಕೆ ಹೋಗಿ ಅರ್ಧಕ್ಕೇ ನಿಂತ. ಮತ್ತೆ ಕೂತ. “ಜಡ್ಡು ನಂದಲ್ರಿ,” ಅಂದ. “ಅಕೀನ್ನ ಕರೀರಿ.”

ಸಿನೆಮಾದಲ್ಲಾದರೆ ಅಲ್ಲಿ ನಾನು ಅವನ ಕೈ ಹಿಡಿಯಬೇಕು. ನನಗೆ ಬಂದದ್ದು ಸಿಟ್ಟು. ಈ ಮಾತು ನಿನ್ನ ಬಾಯಲ್ಲೇ ಇತ್ತಲ್ಲೋ, ಮಹಾನವಮಿಯಿಂದ ಇಲ್ಲಿಯ ತನಕ ಅದನ್ನು ಎಲ್ಲಿ ಮೇಯಿಸುತ್ತಿದ್ದೆ ಅನ್ನಿಸಿತು. ಎದ್ದು ಒಳಗೆ ಹೋದೆ.

ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದರು. ಬಿಳಿ ಚುಕ್ಕೆಗಳಿದ್ದವು. “ಪುಪ್ಪುಸಕ್ಕ ಇಳದೈತ್ರಿ,” ಅಂದರು. ನನ್ನ ಕೆಮ್ಮಿನ ಅರ್ಥ ತಿಳಿಯಿತು. “ನಡುವ ಎರಡು ಬಾಟಲಿ ತಪ್ಪಿದ್ರಿಂದ ಹಿಂಗಾತೇನ್ರಿ?” ಅಂತ ಕೇಳಿದೆ. ಅವರು ಎಕ್ಸರೇಯನ್ನು ಲಕೋಟೆಯೊಳಗೆ ಹಾಕಿದರು. “ನಮ್ಮ ಅವ್ವನೂ ತತ್ತಿ ಅಂದ್ರ ಉಪಾಸ ಬೀಳೂಕಿ,” ಅಂದರು. “ಮುಚ್ಚಿಟ್ಟು ಹಾಕಿದ್ರ ಪಾಪ ಅಂತ ಹಿರ್ಯಾರಿಗೆ ಹೇಳಿದ್ನಿರಿ.”

“ನಿಮ್ಮ ಪಾಪ ತೊಳಕೊಂಡ್ರಿ. ನನಗೇನ್ ಉಳೀತು?”

ಅವರು ಎದ್ದರು. ಆಮೇಲೆ ಬಾಗಿಲು ಮುಂದೆ ಮಾಡಿ, ದನಿ ಇಳಿಸಿ ಹೇಳಿದರು, “ಇವತ್ತ ಒಂದs ಬಾಟಲಿ ಬಂದೈತ್ರಿ. ರಾಮವ್ವಂದು. ಅಕೀಗೆ ಈ ಸಲ ಬಂದಿಲ್ಲ ಅಂತ ಹೇಳ್ತೇನಿ. ನಿಮಗ ಹಾಕೂಣು.”

ಬೇಡ ಅಂತ ನನ್ನ ಬಾಯಿಗೆ ಬರಲಿಲ್ಲ. ಬೇಕು ಅಂತಲೇ ಬಂತು. ತೋಳು ತಾನಾಗಿಯೇ ಮುಂದೆ ಬಂತು. ಅದು ಮೊದಲಿಗೆ ನನ್ನ ಪಾಲೇ ತಾನೆ? ಆದರೆ “ಬಂದಿಲ್ಲ ಅಂತ ಹೇಳ್ತೇನಿ” ಅನ್ನುವ ಮಾತು ಕಿವಿಗೆ ಬಿದ್ದಿತ್ತು. ಅದೇ ಮಾತು, ಅದೇ ತಗ್ಗಿದ ದನಿ, ಅದೇ ಮುಚ್ಚಿದ ಬಾಗಿಲು. ಬಾಗಿಲಾಚೆ ಕೂತವಳು ಈ ಸಲ ಬೇರೆ, ಅಷ್ಟೇ.

ಎದ್ದು ಬಾಗಿಲು ತೆಗೆದೆ. “ರಾಮವ್ವಾ, ಒಳಗ ಬಾ. ಡಾಕ್ಟರು ನಿನಗೇನೋ ಕೇಳೂದೈತಿ.”

ಡಾಕ್ಟರು ಕೇಳಲಿಲ್ಲ. ಕಿಟಕಿಯ ಕಡೆ ನೋಡಿದರು, ಅವರೂ ಕಲಿತಿದ್ದರು. ನಾನೇ ಕೇಳಿದೆ. “ಒಂದs ಬಾಟಲಿ ಐತಂತ ಬೇ. ನಿಂದು. ಈ ಸಲ ನನಗ ಬಿಟ್ಟು ಕೊಡ್ತೀಯೇನು?”

ರಾಮವ್ವ ನನ್ನ ಮುಖ ನೋಡಿದಳು, ಎದೆಯ ಮೇಲಿನ ಧೋತರದ ಮಡಿಕೆಯನ್ನು ನೋಡಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಕೊಡಂಗಿಲ್ರಿ ಅಕ್ಕಾರ,” ಅಂದಳು. “ನನಗೂ ಬದುಕೂದೈತ್ರಿ.”

ನನಗೆ ಕೆಟ್ಟ ಸಿಟ್ಟು ಬಂತು. ನಮ್ಮ ಹೊಲದಲ್ಲಿ ಕಡಲೆ ಕಿತ್ತವಳು, ನಮ್ಮ ಹಿತ್ತಲ ಬಾಗಿಲಲ್ಲಿ ನಿಂತವಳು ನನಗೆ ಇಲ್ಲ ಅಂದಳಲ್ಲ ಅಂತ. ಹೊಡೆಯಬೇಕು ಅನ್ನಿಸಿತು ಅಂದರೂ ಸುಳ್ಳಲ್ಲ. ಆದರೆ ಅವಳನ್ನು ಕೇಳಿದ್ದೆ. ಕೇಳಿದ ಮೇಲೆ ಇಲ್ಲ ಅನ್ನುವ ಹಕ್ಕು ಅವಳದು. ನನ್ನನ್ನು ಕೇಳಿದ್ದರೆ ಹೂಂ ಅನ್ನುವ ಹಕ್ಕು ನನ್ನದಿತ್ತು.

“ಹಾಕ್ರಿ ಅಕೀಗೆ,” ಅಂದೆ. “ಕೆಡತೈತಿ.”

ಹಾಕಿದರು. ಬಾಜು ಸ್ಟೂಲಿನ ಮೇಲೆ ಕೂತು, ಗುಲಾಬಿ ಬಣ್ಣದ ಅದು ಅವಳ ತೋಳಿನೊಳಗೆ ಇಳಿಯುವುದನ್ನು ನೋಡಿದೆ. ರಾಮವ್ವ ಕಣ್ಣು ಮುಚ್ಚಿಕೊಂಡಿದ್ದಳು.

ಮುಗಿದ ಮೇಲೆ ಡಾಕ್ಟರು ಬಂದರು. ಹಿಂದೆ ಈರಪ್ಪನೂ ಬಂದು ಬಾಗಿಲಲ್ಲಿ ನಿಂತ. ಡಾಕ್ಟರು ಈ ಸಲ ಸ್ಟೂಲು ಎಳೆದುಕೊಂಡು ನನ್ನ ಎದುರಿಗೇ ಕೂತರು.

“ಯುಗಾದಿ ಹೊತ್ತಿಗೆ ಮತ್ತೊಂದು ತರಿಸ್ತೇನ್ರಿ. ಅದರ ಗುಳ್ಳಿ ತತ್ತಿಯ ಕೊಬ್ಬಿಂದು. ಪುಪ್ಪುಸಕ್ಕ ಇಳದದ್ದಕ್ಕ ಅದು ಎಷ್ಟು ಮಾಡತೈತಿ ಅಂತ ಖಾತ್ರಿ ಕೊಡಾಕ ಬರಂಗಿಲ್ಲ. ಬಂದ್ರ ತಗೋತೀರೇನ್ರಿ?”

ಹೂಂ ಅನ್ನುವುದು ನಾಲಿಗೆಯ ತುದಿಯಲ್ಲೇ ಕೂತಿದೆ ಅಂದುಕೊಂಡಿದ್ದೆ. ಬಾಯಿ ತೆರೆದರೆ ಬರಲಿಲ್ಲ. ನನ್ನ ತವರಿನಲ್ಲಿ ತತ್ತಿಯ ಬುಟ್ಟಿ ಹೊತ್ತವರು ಎದುರಿಗೆ ಬಂದರೆ ಅವ್ವ ನನ್ನ ಕೈ ಹಿಡಿದು ದಾರಿಯ ಆಚೆ ಬದಿಗೆ ಎಳೆಯುತ್ತಿದ್ದಳು. ಆ ಹೇಸಿಗೆ ಈಗಲೂ ಎದ್ದಿತು. ಅದು ಭಾವನದಲ್ಲ, ನನ್ನದೇ. ಕೈ ಲಿಂಗದ ಮೇಲೆ ಹೋಯಿತು. ಅದರ ಕೆಳಗೆ ಹುಣ್ಣು ಮಿಡಿಯುತ್ತಿತ್ತು. ಖಾತ್ರಿಯಿಲ್ಲದ ಒಂದು ಬಾಟಲಿಗಾಗಿ ಹುಟ್ಟಿದಾಗಿನಿಂದ ಹಿಡಿದದ್ದನ್ನು ಬಿಡಬೇಕು. ಬಿಡದಿದ್ದರೆ ಖಾತ್ರಿಯಿರುವುದು ಒಂದೇ. ಡಾಕ್ಟರು ಕಾದರು. ಈರಪ್ಪನೂ ಕಾದ. ಎಲ್ಲವನ್ನೂ ತಿರುವಿ ಹಾಕಿ ನೋಡಿದೆ, ಕೆಮ್ಮು ಬಂತು, ಕೆಮ್ಮಿದೆ, ಮತ್ತೆ ನೋಡಿದೆ.

“ತಗೋತೇನ್ರಿ,” ಅಂದೆ.

ಡಾಕ್ಟರು ತಲೆಯಾಡಿಸಿ ಏಳುವುದಕ್ಕೆ ಹೋದರು.

“ಕುಂಡ್ರಿ. ನಾ ಇದನ್ನ ಹೇಳಾಕ ಎಷ್ಟೊತ್ತು ತಗೊಂಡ್ನಿರಿ?”

ಅವರಿಗೆ ತಿಳಿಯಲಿಲ್ಲ. “ಬಹಳ ಇಲ್ರಿ. ಸ್ವಲ್ಪ ಹೊತ್ತು.”

“ಅಷ್ಟs ಹೊತ್ತು,” ಅಂದೆ. ಬಾಗಿಲಲ್ಲಿದ್ದವನಿಗೂ ಕೇಳುವ ಹಾಗೆ ಅಂದೆ. “ನನ್ನ ಕೇಳಾಕ ಅಷ್ಟು ಹೊತ್ತು ನಿಮಗ್ಯಾರಿಗೂ ಸಿಗಲಿಲ್ಲೇನ್ರಿ?”